ಮನೆಯ ಪ್ರಿಂಟರ್‌ಗೆ ಹೊರಗಿನ ಇಂಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ಪ್ರಿಂಟರ್ ರಿಪೇರಿ, ಕಾರ್ಟ್ರಿಜ್ (ಇಂಕ್ ಡಬ್ಬಿ) ರೀಫಿಲ್ ನನ್ನ ಕೆಲಸ. ಪ್ರಿಂಟರ್ ಹೊತ್ತು ಬರುವವರು, ಫೋನ್ ಮಾಡುವವರು, ವಾಟ್ಸ್‌ಆ್ಯಪ್‌ನಲ್ಲಿ ಗೆರೆಗೆರೆ ಬಿದ್ದ ಕಾಗದದ ಫೋಟೊ ಕಳಿಸುವವರು, ಎಲ್ಲರೂ ಹೆಚ್ಚುಕಡಿಮೆ ಇವನ್ನೇ ಕೇಳುತ್ತಾರೆ. ಹೊರಗಿನ ಇಂಕ್ ಅಂದರೆ ಪ್ರಿಂಟರ್ ಕಂಪನಿಯದಲ್ಲದ ಇಂಕ್. ಪ್ರಶ್ನೆಗಳನ್ನು ಅವರ ಬಾಯಿಮಾತಿನಲ್ಲೇ ಇಟ್ಟಿದ್ದೇನೆ. ಲೇಸರ್ ಪ್ರಿಂಟರ್, ಅದರಲ್ಲಿ ಇಂಕ್ ಬದಲಿಗೆ ಹಾಕುವ ಟೋನರ್ ಪುಡಿಯ ವಿಷಯ ಇಲ್ಲಿಲ್ಲ. ಅದು ಬೇರೆಯೇ ಕಥೆ.

## ಮೊದಲು ತಿಳಿಯಬೇಕಾದ್ದು

ಡೂಪ್ಲಿಕೇಟ್ ಇಂಕ್ ಹಾಕಿದ್ರ ಪ್ರಿಂಟರ್ ಕೆಡತೈತೇನ್ರಿ?

ಇಂಕ್ ಯಾವುದು ಅನ್ನುವ ಮೊದಲು ನಿಮ್ಮ ಪ್ರಿಂಟರಿನ ಹೆಡ್ ಎಲ್ಲಿದೆ ನೋಡಿ. ಕಾಗದದ ಮೇಲೆ ಇಂಕ್ ಚಿಮ್ಮಿಸುವ ಭಾಗಕ್ಕೆ ಹೆಡ್ ಅನ್ನುತ್ತಾರೆ. ಅದರ ತೂತುಗಳು ಕೂದಲೆಳೆಗಿಂತ ಸಣ್ಣವು, ಅದರಿಂದ ಹೊರಬೀಳುವ ಹನಿ ಕೆಲವೇ ಪಿಕೋಲೀಟರ್. ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲು ಒಂದು ಪಿಕೋಲೀಟರ್. ಇಂಥ ತೂತಿಗೆ ಕಸ, ಗಸಿ ಇರುವ ಇಂಕ್ ಹೋದರೆ ಕಟ್ಟಿಕೊಳ್ಳದೆ ಬೇರೆ ದಾರಿಯಿಲ್ಲ.

ಎಚ್‌ಪಿಯ 803, 805, 682 ನಂಬರಿನ ಕಾರ್ಟ್ರಿಜ್, ಕ್ಯಾನನ್‌ನ 745–746, 47–57 ಜೋಡಿ, ಇವುಗಳಲ್ಲಿ ಹೆಡ್ ಕಾರ್ಟ್ರಿಜ್‌ಗೇ ಅಂಟಿಕೊಂಡಿರುತ್ತದೆ. ಕಾರ್ಟ್ರಿಜ್ ಬದಲಿಸಿದಿರಿ ಅಂದರೆ ಹೆಡ್ಡೂ ಹೊಸದಾಯಿತು. ಇಂಕ್ ಕೆಟ್ಟದಾಗಿದ್ದರೂ ಹೋಗುವುದು ಬಹುಮಟ್ಟಿಗೆ ಆ ಕಾರ್ಟ್ರಿಜ್ ಮಾತ್ರ. ಎಪ್ಸನ್ ಮತ್ತು ಬ್ರದರ್ ಇಂಕ್ ಪ್ರಿಂಟರ್‌ಗಳಲ್ಲಿ ಹೆಡ್ ಯಂತ್ರದ ಒಳಗೇ ಕೂತಿರುತ್ತದೆ. ಅಲ್ಲಿ ಹೆಡ್ ಹೋದರೆ ರಿಪೇರಿ ಖರ್ಚು ಹೊಸ ಪ್ರಿಂಟರಿನ ಹತ್ತಿರ ಹತ್ತಿರ ಬಂದುಬಿಡುತ್ತದೆ. ಎಚ್‌ಪಿ ಇಂಕ್ ಟ್ಯಾಂಕ್ 310, 410 ಸಾಲು, ಕ್ಯಾನನ್ ಜಿ2000, ಜಿ3000 ನಡುವಿನವು: ಬಾಟಲಿಯಿಂದ ಇಂಕ್ ಸುರಿಯುವ ಟ್ಯಾಂಕ್ ಬೇರೆ, ಹೆಡ್ ಬೇರೆ, ಹೆಡ್ ಮಾತ್ರ ಕೊಂಡು ಹಾಕಬಹುದು.

ಹೀಗಾಗಿ ನನ್ನ ಲೆಕ್ಕ ಇಷ್ಟೇ. ಕಾರ್ಟ್ರಿಜ್‌ನಲ್ಲೇ ಹೆಡ್ ಇದ್ದರೆ ಹೊರಗಿನ ಇಂಕ್ ಧೈರ್ಯವಾಗಿ ಪ್ರಯೋಗ ಮಾಡಿ. ಹೆಡ್ ಯಂತ್ರದಲ್ಲಿದ್ದರೆ ಬಾಟಲಿ ಮೇಲೆ ಉಳಿಸುವ ನೂರಿನ್ನೂರು ರೂಪಾಯಿಗೆ ಅಷ್ಟು ಆಸೆಪಡಬೇಡಿ.

ಹೆಡ್ ಎಲ್ಲೈತಿ ಅಂತ ನನಗ ಹೆಂಗ ಗೊತ್ತಾಗಬೇಕು?

ಕಾರ್ಟ್ರಿಜ್ ಹೊರಗೆ ತೆಗೆದು ತಳ ನೋಡಿ. ತಳದಲ್ಲಿ ಬೆರಳಗಲದ ಲೋಹದ ಪಟ್ಟಿ, ಪಕ್ಕದ ಮೈಮೇಲೆ ಸಾಲಾಗಿ ತಾಮ್ರದ ಚುಕ್ಕಿಗಳು ಕಂಡರೆ ಹೆಡ್ ಅದರಲ್ಲೇ ಇದೆ. ಬರೀ ಪ್ಲಾಸ್ಟಿಕ್ ಡಬ್ಬಿ, ಇಂಕ್ ಹೊರಬರುವ ಒಂದು ತೂತು, ಉಗುರಿನಷ್ಟು ಚಿಪ್ ಇದ್ದರೆ ಹೆಡ್ ಯಂತ್ರದಲ್ಲಿದೆ. ಆ ಲೋಹದ ಪಟ್ಟಿಯನ್ನು ಬೆರಳಿನಿಂದ ಮುಟ್ಟಬೇಡಿ. ಕೈಯ ಎಣ್ಣೆ ಜಿಡ್ಡು ಕೂಡ ತೂತಿಗೆ ಅಡ್ಡ.

ಒರಿಜಿನಲ್, ಕಂಪ್ಯಾಟಿಬಲ್, ರೀಫಿಲ್, ಡೂಪ್ಲಿಕೇಟ್... ಎಲ್ಲಾ ಒಂದೇ ಏನು?

ಅಲ್ಲ. ಅಂಗಡಿಯಲ್ಲಿ ಒರಿಜಿನಲ್ ಬಿಟ್ಟು ಉಳಿದ ಎಲ್ಲಕ್ಕೂ 'ಡೂಪ್ಲಿಕೇಟ್' ಅಂತ ಒಂದೇ ಹೆಸರು ಕೂಗುವುದರಿಂದ ಜಗಳ ಆಗುತ್ತವೆ. ಪ್ರಿಂಟರ್ ಕಂಪನಿಯದೇ ಆದದ್ದು ಒರಿಜಿನಲ್. ಬೇರೆ ಕಂಪನಿ ತನ್ನದೇ ಹೆಸರು ಹಾಕಿ, 'ಇಂಥ ಮಾದರಿಗೆ ಕೂಡುತ್ತದೆ' ಅಂತ ಬರೆದು ಮಾರಿದರೆ ಕಂಪ್ಯಾಟಿಬಲ್. ಖಾಲಿಯಾದ ಒರಿಜಿನಲ್ ಕಾರ್ಟ್ರಿಜ್ ಸಂಗ್ರಹಿಸಿ, ತೊಳೆದು, ಮತ್ತೆ ತುಂಬಿ ಪ್ಯಾಕ್ ಮಾಡಿದ್ದು ರೀಮ್ಯಾನುಫ್ಯಾಕ್ಚರ್ಡ್. ಹೆಡ್ ಇರುವ ಕಾರ್ಟ್ರಿಜ್‌ಗಳಲ್ಲಿ 'ಕಂಪ್ಯಾಟಿಬಲ್' ಅಂತ ಬರುವುದೂ ಹೆಚ್ಚಾಗಿ ಇದೇ, ಯಾಕೆಂದರೆ ಹೆಡ್ ತಯಾರಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ. ನಿಮ್ಮ ಕಣ್ಣೆದುರೇ ನಿಮ್ಮ ಡಬ್ಬಿಗೆ ತುಂಬಿಕೊಟ್ಟರೆ ರೀಫಿಲ್.

ಇವೆಲ್ಲ ನೇರ ವ್ಯಾಪಾರ. ಯಾರದೋ ಇಂಕ್ ತುಂಬಿ ದೊಡ್ಡ ಕಂಪನಿಯ ಹೆಸರು, ಡಬ್ಬಿ, ಸೀಲು ಹಾಕಿ ಪೂರಾ ಬೆಲೆಗೆ ಮಾರುವುದು ನಕಲಿ. ಬೈಯಬೇಕಾದ್ದು ಇದನ್ನು.

ಇಂಕ್ ಇಷ್ಟ್ಯಾಕ ತುಟ್ಟಿ? ಪ್ರಿಂಟರ್ ರೊಕ್ಕದಾಗ ಅರ್ಧ ಇದಕ್ಕ ಹೊಕ್ಕೈತಲ್ರಿ.

ಪ್ರಿಂಟರ್ ಅಗ್ಗಕ್ಕೆ ಕೊಟ್ಟು ಇಂಕ್‌ನಲ್ಲಿ ದುಡಿಯುವುದು ಈ ವ್ಯಾಪಾರದ ಹಳೆಯ ಪದ್ಧತಿ. ಡಬ್ಬಿಯ ಬೆಲೆ ನೋಡಬೇಡಿ, ಪುಟಕ್ಕೆ ಎಷ್ಟು ಬಿತ್ತು ನೋಡಿ. ಎಚ್‌ಪಿ 803 ಕಪ್ಪು ಕಾರ್ಟ್ರಿಜ್‌ಗೆ ಕಂಪನಿ ಹೇಳುವುದು ಸುಮಾರು 190 ಪುಟ. ಲೆಕ್ಕಕ್ಕೆ ಅಂತ ಬೆಲೆ 950 ರೂಪಾಯಿ ಇಟ್ಟುಕೊಂಡರೆ ಪುಟಕ್ಕೆ ಐದು ರೂಪಾಯಿ. ಎಪ್ಸನ್ 003 ಕಪ್ಪು ಬಾಟಲಿ 65 ಎಂ.ಎಲ್., ಕಂಪನಿ ಲೆಕ್ಕ ಸುಮಾರು 4,500 ಪುಟ. ಬಾಟಲಿ ದರವನ್ನು ಅದರಿಂದ ಭಾಗಿಸಿ, ಪುಟಕ್ಕೆ ಹತ್ತಿಪ್ಪತ್ತು ಪೈಸೆಯೊಳಗೇ ಮುಗಿಯುತ್ತದೆ.

ಈ ಪುಟಗಳ ಸಂಖ್ಯೆ ನಿಗದಿತ ಪರೀಕ್ಷಾ ಪುಟಗಳನ್ನು ಒಂದರ ಹಿಂದೊಂದು ಮುದ್ರಿಸಿ ತೆಗೆದದ್ದು. ವಾರಕ್ಕೆರಡು ಪುಟ ತೆಗೆಯುವ ಮನೆಯಲ್ಲಿ ಅಷ್ಟು ಬರುವುದಿಲ್ಲ. ಪ್ರತಿ ಸಲ ಆನ್ ಆದಾಗ ಯಂತ್ರ ಹೆಡ್ ತೊಳೆಯಲು ಒಂದಿಷ್ಟು ಇಂಕ್ ಕುಡಿಯುತ್ತದೆ.

ಹೊರಗಿನ ಇಂಕ್ ಹಾಕಿದರೆ ವಾರಂಟಿ ಹೋಗುತ್ತದೆಯೇ?

ಹಾಕಿದ್ದಕ್ಕೇ ಪೂರಾ ವಾರಂಟಿ ಹೋಗುತ್ತದೆ ಅಂತಲ್ಲ. ಆ ಇಂಕ್‌ನಿಂದಲೇ ಕೆಟ್ಟಿತು ಅಂತಾದರೆ ಆ ರಿಪೇರಿ ಕಂಪನಿಯ ತಲೆಮೇಲೆ ಬರುವುದಿಲ್ಲ, ವಾರಂಟಿ ಕಾಗದದಲ್ಲಿ ಹಾಗೆ ಬರೆದಿರುತ್ತಾರೆ. ಕಾಗದ ಎಳೆಯುವ ರೋಲರ್ ಮುರಿದಿದ್ದಕ್ಕೂ ಇಂಕ್ ನೆಪ ಹೇಳಿದರೆ ಮಾತ್ರ ಸುಮ್ಮನಿರಬೇಡಿ. ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಅದಕ್ಕೆಲ್ಲ ಬಿಲ್ ಬೇಕು. 'ಬಿಲ್ ಬ್ಯಾಡಂದ್ರ ಐವತ್ತು ಕಡಿಮಿ' ಅನ್ನುವ ಮಾತಿಗೆ ಮರುಳಾಗಬೇಡಿ.

ಹೆಡ್ ಒಳಗಿರುವ ಟ್ಯಾಂಕ್ ಪ್ರಿಂಟರ್‌ಗಾದರೆ ವಾರಂಟಿ ಮುಗಿಯುವವರೆಗೆ ಒರಿಜಿನಲ್ ಬಾಟಲಿಯೇ ಹಾಕಿ ಅನ್ನುವುದು ನನ್ನ ಸಲಹೆ.

## ಅಂಗಡಿಗೆ ಹೋದಾಗ

ಅಂಗಡ್ಯಾಗ 'ಈ ಇಂಕ್ ಎಲ್ಲಾದಕ್ಕೂ ನಡೀತೈತಿ' ಅಂತಾರ. ಖರೇನಾ?

ಖರೆ ಅಲ್ಲ. ಹೊರಗಿನ ಇಂಕ್ ಬಗ್ಗೆ ಬರುವ ದೂರುಗಳಲ್ಲಿ ಅರ್ಧಕ್ಕರ್ಧ ಈ ಒಂದು ಮಾತಿನಿಂದ ಹುಟ್ಟಿದವು.

ಇಂಕ್‌ನಲ್ಲಿ ಎರಡು ಜಾತಿ. ಡೈ ಇಂಕ್‌ನಲ್ಲಿ ಬಣ್ಣ ನೀರಿನಲ್ಲಿ ಪೂರಾ ಕರಗಿರುತ್ತದೆ. ಕಾಗದದ ನಾರಿನೊಳಗೆ ಇಳಿಯುತ್ತದೆ, ಬಣ್ಣ ಎದ್ದು ಕಾಣುತ್ತದೆ, ಆದರೆ ನೀರು ತಾಗಿದರೆ ಹರಡುತ್ತದೆ, ಬಿಸಿಲಿಗೆ ಮಾಸುತ್ತದೆ. ಪಿಗ್ಮೆಂಟ್ ಇಂಕ್‌ನಲ್ಲಿ ಬಣ್ಣದ ಅತಿಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಅವು ಕಾಗದದ ಮೇಲ್ಮೈಯಲ್ಲೇ ಕೂರುತ್ತವೆ. ಅಕ್ಷರ ಅಚ್ಚುಕಟ್ಟು, ನೀರಿಗೂ ತಡೆಯುತ್ತದೆ.

ಯಾವ ಯಂತ್ರಕ್ಕೆ ಯಾವುದು ಅಂತ ಕಂಪನಿ ಮೊದಲೇ ನಿರ್ಧರಿಸಿರುತ್ತದೆ. ಎಪ್ಸನ್ 664 ಮತ್ತು 003 ಇಂಕ್ ಹಾಕುವ ಪ್ರಿಂಟರ್‌ಗಳಲ್ಲಿ (ಎಲ್380, ಎಲ್3110, ಎಲ್3210, ಎಲ್3250) ನಾಲ್ಕೂ ಬಣ್ಣ ಡೈ. ಎಪ್ಸನ್ 001 ಸರಣಿಯಲ್ಲಿ ಕಪ್ಪು ಪಿಗ್ಮೆಂಟ್, ಉಳಿದ ಮೂರು ಡೈ. ಕ್ಯಾನನ್ ಜಿ2000, ಜಿ3000ಕ್ಕೆ ಹಾಕುವ ಜಿಐ-790, ಎಚ್‌ಪಿಯ ಜಿಟಿ51–52, ಬ್ರದರ್ ಟಿ ಸರಣಿಯ ಡಿ60 ಮತ್ತು 5000, ಇವುಗಳಲ್ಲೂ ಕಪ್ಪು ಪಿಗ್ಮೆಂಟ್, ಬಣ್ಣ ಡೈ.

ಡೈ ಹಾಕಬೇಕಾದ ಹೆಡ್‌ಗೆ ಪಿಗ್ಮೆಂಟ್ ಹೋದರೆ ಕಣಗಳು ಕೂತು ತೂತು ಕಟ್ಟುವ ಭಯ. ಪಿಗ್ಮೆಂಟ್ ಜಾಗಕ್ಕೆ ಡೈ ಕಪ್ಪು ಹಾಕಿದರೆ ಹೆಡ್‌ಗೆ ಅಂಥ ಅಪಾಯವಿಲ್ಲ, ಆದರೆ ಸಾದಾ ಕಾಗದದ ಮೇಲೆ ಅಕ್ಷರದ ಅಂಚು ಉಣ್ಣೆಯಂತೆ ಕೆದರುತ್ತದೆ. ಅದಕ್ಕೇ ಅಂಗಡಿಯಲ್ಲಿ 'ಕಪ್ಪು ಇಂಕ್ ಕೊಡ್ರಿ' ಅನ್ನಬೇಡಿ. ಪ್ರಿಂಟರ್ ಮಾದರಿ ಹೇಳಿ, 'ಇದಕ್ಕ ಡೈ ಬೇಕೋ ಪಿಗ್ಮೆಂಟ್ ಬೇಕೋ' ಅಂತ ಕೇಳಿ. ಉತ್ತರ ತಡವರಿಸಿದರೆ ಅಂಗಡಿ ಬದಲಿಸಿ.

ಹೊಲದ ಉತಾರ ತೆಗೆದಿಟ್ಟಿದ್ದೆ, ಬೆವರಿನ ಕೈ ತಾಗಿ ಅಕ್ಷರ ಅಳಿಸಿ ಹೋತು. ಯಾಕ್ರಿ?

ಡೈ ಕಪ್ಪಿನಲ್ಲಿ ಮುದ್ರಿಸಿದ್ದು. ಪರೀಕ್ಷೆ ಸುಲಭ: ಬೇಡದ ಪುಟವೊಂದನ್ನು ಹತ್ತು ನಿಮಿಷ ಆರಲು ಬಿಟ್ಟು ಅಕ್ಷರದ ಮೇಲೆ ಒಂದು ಹನಿ ನೀರು ಹಾಕಿ ಬೆರಳಿನಿಂದ ಎಳೆಯಿರಿ. ನೀಲಿ ಅಥವಾ ನೇರಳೆ ಛಾಯೆ ಹರಡಿದರೆ ಡೈ. ಕಪ್ಪು ಕಪ್ಪಾಗಿಯೇ ನಿಂತರೆ ಪಿಗ್ಮೆಂಟ್. ಉತಾರ, ಜಾತಿ ಪ್ರಮಾಣಪತ್ರ, ಒಪ್ಪಂದ ಪತ್ರ ಇಂಥವನ್ನು ಪಿಗ್ಮೆಂಟ್ ಕಪ್ಪು ಇರುವ ಯಂತ್ರದಲ್ಲಿ ತೆಗೆಯಿರಿ, ಇಲ್ಲವಾದರೆ ಓಣಿಯ ಝೆರಾಕ್ಸ್ ಅಂಗಡಿಯ ಲೇಸರ್‌ನಲ್ಲಿ ತೆಗೆಸಿ. ಎರಡು ರೂಪಾಯಿ ಉಳಿಸಲು ಹೋಗಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಎರಡು ಸಲ ಅಲೆಯುವುದು ಬೇಡ.

ಒರಿಜಿನಲ್ ಅಂತ ಕೊಟ್ಟಿದ್ದು ನಕಲಿ ಅಲ್ಲ ಅಂತ ಗುರುತು ಹಿಡಿಯೋದು ಹೆಂಗ?

ದರ ಎಲ್ಲ ಕಡೆಗಿಂತ ಮೂರನೇ ಒಂದು ಭಾಗ ಕಡಿಮೆ ಅಂದರೆ ಮೊದಲು ಅಲ್ಲೇ ಅನುಮಾನ ಪಡಿ. ಡಬ್ಬಿಯ ಸೀಲಿನ ಚೀಟಿ ಓರೆಯಾಗಿ ಹಿಡಿದಾಗ ಚಿತ್ರ ಸರಿಯುವುದು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಕಂಪನಿಯ ತಾಣವೇ ತೆರೆಯುವುದು, ಒಳಗಿನ ಕಾರ್ಟ್ರಿಜ್ ಮೇಲೆ ಗೀರು ಅಥವಾ ಇಂಕ್ ಕಲೆ ಇಲ್ಲದಿರುವುದು, ಇಷ್ಟು ನೋಡಿ. ತಾಮ್ರದ ಚುಕ್ಕಿಗಳ ಮೇಲೆ ಸಣ್ಣ ಗೀರುಗಳಿದ್ದರೆ ಆ ಕಾರ್ಟ್ರಿಜ್ ಈಗಾಗಲೇ ಒಂದು ಪ್ರಿಂಟರಿನೊಳಗೆ ಕೂತು ಎದ್ದು ಬಂದಿದೆ. ಪ್ರಿಂಟರ್ 'ಬಳಸಿದ ಕಾರ್ಟ್ರಿಜ್' ಅಂತ ತೋರಿಸಿದರೂ ಅದೇ ಅರ್ಥ.

ಇನ್ನೊಂದು ಮಾತು, ನಿಮ್ಮ ಖಾಲಿ ಒರಿಜಿನಲ್ ಡಬ್ಬಿಗಳನ್ನು ಹಾಗೇ ಗುಜರಿಗೆ ಹಾಕಬೇಡಿ. ರಟ್ಟಿನ ಡಬ್ಬಿ ಹರಿದು ಹಾಕಿ. ನಕಲಿ ಮಾಡುವವರಿಗೆ ಬೇಕಾಗಿರುವುದೇ ಆ ಹರಿಯದ, ಇಡಿಯಾದ ಡಬ್ಬಿ.

ಟ್ಯಾಂಕಿನ್ಯಾಗ ಅರ್ಧ ಒರಿಜಿನಲ್ ಐತಿ. ಅದರ ಮ್ಯಾಲ ಬ್ಯಾರೆ ಕಂಪನಿದು ಸುರುವಲಾ?

ಒಂದೇ ಜಾತಿಯ ಇಂಕ್ ಆದರೆ ಬಹಳ ಸಲ ಏನೂ ಆಗುವುದಿಲ್ಲ. ಆದರೂ ಬೇಡ. ಎರಡು ಕಂಪನಿಗಳ ಇಂಕ್‌ನಲ್ಲಿ ನೀರಿನ ಜೊತೆ ಸೇರಿಸುವ ಗ್ಲೈಕಾಲ್, ಇತರ ರಸಾಯನಗಳು ಬೇರೆ ಬೇರೆ. ಕೂಡಿಕೊಳ್ಳದಿದ್ದರೆ ಹಾಲು ಒಡೆದ ಹಾಗೆ ಗಸಿ ಬಿದ್ದು ಪೈಪಿನಲ್ಲಿ ಕೂರುತ್ತದೆ. ಇದ್ದ ಇಂಕನ್ನು ಕೆಳಗಿನ ಗೆರೆಯವರೆಗೆ ಖರ್ಚು ಮಾಡಿ, ಆಮೇಲೆ ಹೊಸದು ಹಾಕಿ. ಗೆರೆಗಿಂತ ಕೆಳಗೆ ಇಳಿಯಲು ಬಿಡಬೇಡಿ, ಪೈಪಿಗೆ ಗಾಳಿ ಹೊಕ್ಕರೆ ಅದನ್ನು ಹೊರಹಾಕಲು ಮತ್ತಷ್ಟು ಇಂಕ್ ಖರ್ಚು. ಒಮ್ಮೆ ಒಂದು ಕಂಪನಿ ಹಿಡಿದರೆ ಅದನ್ನೇ ಹಿಡಿದುಕೊಂಡಿರಿ. ತಿಂಗಳಿಗೊಂದು ಬ್ರ್ಯಾಂಡ್ ಬದಲಿಸುವವರ ಪ್ರಿಂಟರುಗಳೇ ನನ್ನ ಮೇಜಿನ ಮೇಲೆ ಹೆಚ್ಚು.

## ಕೈಯಾರೆ ತುಂಬುವವರಿಗೆ

ಸಿರಿಂಜ್ ತಗೊಂಡು ಮನ್ಯಾಗ ನಾನ ತುಂಬಬಹುದಾ?

ಹೆಡ್ ಇರುವ ಕಾರ್ಟ್ರಿಜ್ ಆದರೆ ಧಾರಾಳವಾಗಿ. ಮುಖ್ಯವಾದದ್ದು ಸಮಯ. ಪೂರಾ ಖಾಲಿಯಾಗಿ ಎರಡು ತಿಂಗಳು ಮೂಲೆಯಲ್ಲಿ ಬಿದ್ದ ಕಾರ್ಟ್ರಿಜ್ ತುಂಬಿ ಪ್ರಯೋಜನವಿಲ್ಲ, ಒಳಗಿನ ಸ್ಪಂಜು ಒಣಗಿ ಗಟ್ಟಿಯಾಗಿರುತ್ತದೆ. ಎಚ್‌ಪಿ, ಕ್ಯಾನನ್ ಹೆಡ್‌ಗಳು ಇಂಕನ್ನು ಕ್ಷಣಮಾತ್ರ ಕಾಯಿಸಿ ಗುಳ್ಳೆ ಎಬ್ಬಿಸಿ ಹನಿ ಚಿಮ್ಮಿಸುತ್ತವೆ, ಆ ಇಂಕೇ ಹೆಡ್ಡನ್ನು ತಂಪಾಗಿಡುವುದೂ ಹೌದು. ಇಂಕ್ ಇಲ್ಲದೆ ಓಡಿಸಿದರೆ ಒಳಗಿನ ಸಣ್ಣ ಹೀಟರ್ ಸುಟ್ಟುಹೋಗುತ್ತದೆ. ಅಕ್ಷರ ತೆಳುವಾಗುತ್ತಿದ್ದಂತೆ ನಿಲ್ಲಿಸಿ, ಅವತ್ತೇ ತುಂಬಿ.

ಮೇಲಿನ ಲೇಬಲ್ ಮೆಲ್ಲಗೆ ಎಬ್ಬಿಸಿ. ಕೆಳಗೆ ಸಣ್ಣ ತೂತುಗಳು ಕಾಣುತ್ತವೆ. ಕಲರ್ ಕಾರ್ಟ್ರಿಜ್ ಒಳಗೆ ಮೂರು ಕೋಣೆ. ಯಾವ ತೂತಿನಲ್ಲಿ ಯಾವ ಬಣ್ಣ ಅಂತ ವೀಡಿಯೊ ನೋಡಿ ನಂಬಬೇಡಿ, ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಹಲ್ಲುಕಡ್ಡಿ ಅದ್ದಿ ತೆಗೆದು ಬಿಳಿ ಕಾಗದಕ್ಕೆ ಒರೆಸಿ ನೋಡಿ. ಒಂದೊಂದು ಕೋಣೆಗೆ ಬೇರೆ ಬೇರೆ ಕಡ್ಡಿ.

ಸೂಜಿ ಸ್ಪಂಜಿನೊಳಗೆ ಅರ್ಧಕ್ಕೆ ಇಳಿಸಿ, ನಿಧಾನವಾಗಿ ಒತ್ತಿ. ಸಾಮಾನ್ಯ ಸೈಜಿನ ಕಪ್ಪಿಗೆ 3ರಿಂದ 4 ಎಂ.ಎಲ್., ಕಲರಿನ ಕೋಣೆಗೆ 1 ಎಂ.ಎಲ್. ಆಸುಪಾಸು. ತೂತಿನ ಬಾಯಲ್ಲಿ ಇಂಕ್ ಮಿನುಗಿದರೆ ಸಾಕು ಅಂತ ಅರ್ಥ, ಒಂದು ಹನಿ ಹಿಂದಕ್ಕೆ ಎಳೆದುಕೊಳ್ಳಿ. ಅವಸರ ಮಾಡಿದರೆ ಹಳದಿ ಕೋಣೆಗೆ ಕೆಂಪು ನುಗ್ಗುತ್ತದೆ, ಆಮೇಲೆ ಆ ಕಾರ್ಟ್ರಿಜ್‌ನಲ್ಲಿ ಹಳದಿ ಅನ್ನುವುದು ಇರುವುದಿಲ್ಲ.

ಕೊನೆಗೆ ಟಿಶ್ಯೂ ಕಾಗದ ನಾಲ್ಕು ಮಡಿಕೆ ಮಾಡಿ, ಸ್ವಲ್ಪ ಒದ್ದೆ ಮಾಡಿ, ಹೆಡ್ ಕೆಳಗೆ ಬರುವಂತೆ ಅದರ ಮೇಲೆ ನಿಮಿಷ ಹೊತ್ತು ಒತ್ತಿ ಎತ್ತಿ. ಮೂರು ಬಣ್ಣದ ಮೂರು ಪಟ್ಟಿ ಬೇರೆ ಬೇರೆಯಾಗಿ ಮೂಡಿದರೆ ಕೆಲಸ ಆಯಿತು. ಪಟ್ಟಿಗಳು ಕೂಡಿ ಕಂದು ಬಣ್ಣ ಬರುತ್ತಿದ್ದರೆ ಹೆಚ್ಚು ತುಂಬಿದ್ದೀರಿ, ಇನ್ನೊಂದು ಟಿಶ್ಯೂ ಮೇಲೆ ಕೂರಿಸಿ ಹೀರಲು ಬಿಡಿ. ಲೇಬಲ್ ವಾಪಸ್ ಅಂಟಿಸುವಾಗ ಗಾಳಿ ಆಡುವ ಸಣ್ಣ ದಾರಿ ಮುಚ್ಚಬೇಡಿ. ಸೆಲ್ಲೋಟೇಪ್ ಸುತ್ತಿ ಗಾಳಿ ಬಂದ್ ಮಾಡಿದರೆ ಇಂಕ್ ಕೆಳಗೆ ಇಳಿಯುವುದೇ ಇಲ್ಲ.

ಒಂದ ಕಾರ್ಟ್ರಿಜ್ ಎಷ್ಟ ಸಲ ತುಂಬಬಹುದು?

ಗಟ್ಟಿ ಲೆಕ್ಕ ಇಲ್ಲ. ಒಣಗಲು ಬಿಡದೆ ತುಂಬಿದವರಿಗೆ ನಾಲ್ಕೈದು ಸಲ ನಡೆಯುತ್ತದೆ, ಒಣಗಿಸಿ ತಂದವರಿಗೆ ಮೊದಲ ಸಲವೇ ಕೈಕೊಡುತ್ತದೆ. ಅಕ್ಷರದ ನಡುವೆ ಒಂದೇ ಜಾಗದಲ್ಲಿ ಬಿಳಿ ಗೆರೆ, ಎಷ್ಟು ಹೆಡ್ ಕ್ಲೀನಿಂಗ್ (ಪ್ರಿಂಟರ್ ತಾನೇ ಹೆಡ್ ತೊಳೆದುಕೊಳ್ಳುವ ಆಯ್ಕೆ) ಮಾಡಿದರೂ ಅಲ್ಲೇ ಉಳಿದರೆ ಆ ಭಾಗದ ಹೀಟರ್ ಹೋಯಿತು. ಹೊಸದು ಕೊಳ್ಳಿ.

ತುಂಬಿದ ಮ್ಯಾಲೂ ಖಾಲಿ ಐತಿ ಅಂತನ ತೋರಸ್ತೈತಿ. ಏನ್ ಮಾಡ್ಲಿ?

ಒಳಗೆ ಇಂಕ್ ಎಷ್ಟಿದೆ ಅಂತ ಪ್ರಿಂಟರ್ ಇಣುಕಿ ನೋಡುವುದಿಲ್ಲ. ಎಷ್ಟು ಹನಿ ಚಿಮ್ಮಿಸಿದೆ ಅಂತ ಎಣಿಸಿ ಅಂದಾಜು ಹೇಳುತ್ತದೆ, ನೀವು ತುಂಬಿದ್ದು ಅದಕ್ಕೆ ಗೊತ್ತಿಲ್ಲ. ಎಚ್‌ಪಿ ಡೆಸ್ಕ್‌ಜೆಟ್‌ಗಳಲ್ಲಿ ಸಂದೇಶ ಬಂದಾಗ ಓಕೆ ಅಥವಾ ಕಂಟಿನ್ಯೂ ಒತ್ತಿದರೆ ಸಾಮಾನ್ಯವಾಗಿ ಮುಂದೆ ಹೋಗುತ್ತದೆ. ಕ್ಯಾನನ್ ಪಿಕ್ಸ್‌ಮಾದ ಎಂಜಿ2500ರಂಥ ಮಾದರಿಗಳಲ್ಲಿ ಇ13 ಅಥವಾ ಇ16 ಅಂತ ಬಂದರೆ ಸ್ಟಾಪ್ ಬಟನ್ ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಿರಿ. ಇಂಕ್ ಅಳೆಯುವುದು ಆ ಕಾರ್ಟ್ರಿಜ್ ಮಟ್ಟಿಗೆ ನಿಲ್ಲುತ್ತದೆ, ಪ್ರಿಂಟ್ ಬರುತ್ತದೆ. ಅಲ್ಲಿಂದ ಮುಂದೆ ಇಂಕ್ ಇದೆಯೋ ಇಲ್ಲವೋ ಅಂತ ಕಣ್ಣಿಡುವುದು ನಿಮ್ಮ ಕೆಲಸ.

ಇ05 ಬಂದರೆ ವಿಷಯ ಬೇರೆ: ಕಾರ್ಟ್ರಿಜ್ ಸರಿಯಾಗಿ ಕೂತಿಲ್ಲ, ಇಲ್ಲವೆ ಯಂತ್ರ ಅದನ್ನು ಗುರುತಿಸುತ್ತಿಲ್ಲ. ತಾಮ್ರದ ಚುಕ್ಕಿಗಳನ್ನು ನಾರು ಬಿಡದ ಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿ.

ಕಲರ್ ಖಾಲಿ ಆಗೇತಿ, ಬರೇ ಕಪ್ಪು ಬೇಕು. ಕಲರ್ ತೆಗೆದಿಟ್ಟು ನಡಸಬಹುದಾ?

ಎಚ್‌ಪಿಯ ಎರಡು ಕಾರ್ಟ್ರಿಜ್‌ನ ಡೆಸ್ಕ್‌ಜೆಟ್‌ಗಳಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ಖಾಲಿಯಾದದ್ದನ್ನು ಹೊರಗೆ ತೆಗೆದರೆ ಒಂದರಲ್ಲೇ ಕೆಲಸ ಮಾಡುತ್ತದೆ. ಕ್ಯಾನನ್‌ನಲ್ಲಿ ಎರಡೂ ಒಳಗೆ ಇರಲೇಬೇಕು, ಖಾಲಿಯಾದರೂ ಸರಿ. ಎಪ್ಸನ್ ಟ್ಯಾಂಕ್ ಪ್ರಿಂಟರಿನಲ್ಲಿ ಈ ಯೋಚನೆಯೇ ಬೇಡ. ಹೆಡ್ ಕ್ಲೀನಿಂಗ್ ನಾಲ್ಕೂ ಬಣ್ಣ ಎಳೆಯುತ್ತದೆ, ಒಂದು ಟ್ಯಾಂಕ್ ಬರಿದಾಗಿದ್ದರೆ ಗಾಳಿ ಎಳೆದುಕೊಳ್ಳುತ್ತದೆ.

## ಕೈಕೊಟ್ಟಾಗ

ಬ್ಯಾಸಗಿ ಸೂಟಿಗೆ ಊರಿಗೆ ಹೋಗಿ ಬಂದು ಹಚ್ಚಿದ್ರ ಬರೇ ಗೆರಿ ಬರಾಕತ್ತಾವ. ಇಂಕ್ ಖರಾಬ್ ಆತೇನು?

ಇಂಕ್ ಅಲ್ಲ, ಹೆಡ್ ಬಾಯಿ ಒಣಗಿದೆ. ವಿಜಯಪುರ, ಬಾಗಲಕೋಟೆ ಕಡೆ ಏಪ್ರಿಲ್–ಮೇದಲ್ಲಿ 40 ಡಿಗ್ರಿ ದಾಟಿದ ಒಣಹವೆ. ಇಂಕ್‌ನಲ್ಲಿ ಹೆಚ್ಚಿನ ಪಾಲು ನೀರೇ. ಒರಿಜಿನಲ್ ಇಂಕೂ ಒಣಗುತ್ತದೆ, ಬೇಗ ಆರದಂತೆ ತಡೆಯುವ ದ್ರವ ಕಡಿಮೆ ಹಾಕಿದ ಅಗ್ಗದ ಇಂಕ್ ಇನ್ನೂ ಬೇಗ.

ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರಿಂಟರನ್ನು ಅದರ ಮೈಮೇಲಿನ ಬಟನ್ ಒತ್ತಿ ಬಂದ್ ಮಾಡಿದರೆ ಹೆಡ್ ಬಲಗಡೆಯ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ ಒತ್ತಿ ಆರಿಸಿದರೆ, ಅಥವಾ ಪ್ರಿಂಟ್ ನಡುವೆ ಕರೆಂಟ್ ಹೋದರೆ, ಹೆಡ್ ಎಲ್ಲಿತ್ತೋ ಅಲ್ಲೇ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಬೇಸಿಗೆಯಲ್ಲಿ ಎರಡು ದಿನ ಹಾಗೆ ಬಿಟ್ಟರೆ ಸಾಕು. ಕರೆಂಟ್ ಬಂದ ಮೇಲೆ ಒಮ್ಮೆ ಆನ್ ಮಾಡಿ, ಅದರ ಸದ್ದು ನಿಂತ ಮೇಲೆ ಬಟನ್‌ನಿಂದಲೇ ಬಂದ್ ಮಾಡಿ. ಗೋಡೆಯ ಸ್ವಿಚ್ ಆಮೇಲೆ.

ಊರಿಗೆ ಹೋಗುವವರು ಪಕ್ಕದ ಮನೆಯವರಿಗೆ ಹೇಳಿ ವಾರಕ್ಕೊಮ್ಮೆ ಒಂದು ಬಣ್ಣದ ಪುಟ ತೆಗೆಸಿದರೂ ಸಾಕು. ತಿಂಗಳಿಗೆ ಒಂದೆರಡು ಪುಟ, ಅದೂ ಬರೀ ಕಪ್ಪು ಅನ್ನುವ ಮನೆಗೆ ಇಂಕ್‌ಜೆಟ್ ಬೇಡವೇ ಬೇಡ, ಸಣ್ಣ ಲೇಸರ್ ತೆಗೆದುಕೊಳ್ಳಿ. ಪುಡಿ ಒಣಗುವ ಮಾತಿಲ್ಲ.

ಹೆಡ್ ಬಿಸಿನೀರಾಗ ಇಟ್ರ ತೆರೀತೈತಿ ಅಂತಾರ. ಮಾಡಬಹುದಾ?

ಕಾರ್ಟ್ರಿಜ್‌ನಲ್ಲಿರುವ ಹೆಡ್‌ಗೆ ಮಾಡಬಹುದು. ಬೋರ್‌ವೆಲ್ ನೀರು ಮಾತ್ರ ಬೇಡ. ನಮ್ಮ ಕಡೆಯ ಬೋರ್ ನೀರು ಗಡಸು, ಪಾತ್ರೆಯ ತಳದಲ್ಲಿ ಕೂರುವ ಬಿಳಿ ಉಪ್ಪೇ ಹೆಡ್ ತೂತಿನಲ್ಲೂ ಕೂರುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಆ್ಯಸಿಡ್ ಕ್ಯಾನ್ ಅಲ್ಲ, ನೀರಿನ ಕ್ಯಾನ್, ಲೇಬಲ್ ನೋಡಿಯೇ ತೆಗೆದುಕೊಳ್ಳಿ. ಕೈ ತಡೆಯುವಷ್ಟು ಬೆಚ್ಚಗೆ ಮಾಡಿ, ತಟ್ಟೆಯಲ್ಲಿ ಅರ್ಧ ಸೆಂಟಿಮೀಟರ್ ಹಾಕಿ, ಹೆಡ್ ಪಟ್ಟಿ ಮಾತ್ರ ಮುಳುಗುವಂತೆ ಹತ್ತು ನಿಮಿಷ ಇಡಿ. ತಾಮ್ರದ ಚುಕ್ಕಿಗಳಿಗೆ ನೀರು ತಾಗಬಾರದು, ತಾಗಿದರೆ ಪೂರಾ ಒಣಗುವವರೆಗೆ ಪ್ರಿಂಟರಿಗೆ ಹಾಕಬೇಡಿ.

ಯಂತ್ರದೊಳಗಿನ ಹೆಡ್‌ಗೆ ಇದನ್ನು ಮಾಡಲು ಹೋಗಬೇಡಿ. ಅದು ಬಿಚ್ಚಿ ಕೂರಿಸಲು ಬಲ್ಲವರ ಕೆಲಸ.

ಹೆಡ್ ಕ್ಲೀನಿಂಗ್ ಮತ್ತ ಮತ್ತ ಕೊಟ್ಟೆ, ಈಗ 'ಸರ್ವಿಸ್ ಬೇಕು' ಅಂತ ನಿಂತಬಿಟ್ಟೈತಿ.

ಕ್ಲೀನಿಂಗ್ ಮಾಡಿದಾಗ ಎಳೆದ ಇಂಕ್ ಯಂತ್ರದ ತಳದಲ್ಲಿರುವ ದಪ್ಪ ಸ್ಪಂಜಿಗೆ ಹೋಗುತ್ತದೆ. ಅದಕ್ಕೆ ವೇಸ್ಟ್ ಇಂಕ್ ಪ್ಯಾಡ್ ಅನ್ನುತ್ತಾರೆ. ಎಷ್ಟು ಇಂಕ್ ಹೋಯಿತು ಅಂತ ಯಂತ್ರ ಲೆಕ್ಕ ಇಟ್ಟು, ತುಂಬಿತು ಅನಿಸಿದ ದಿನ ನಿಂತುಬಿಡುತ್ತದೆ. ಕ್ಯಾನನ್‌ನಲ್ಲಿ 5ಬಿ00 ಅಂತ ಬರುವುದು ಇದೇ. ಸಾಫ್ಟ್‌ವೇರ್‌ನಿಂದ ಲೆಕ್ಕವನ್ನು ಸೊನ್ನೆ ಮಾಡಿಕೊಡುವವರು ಇದ್ದಾರೆ, ಆದರೆ ಪ್ಯಾಡ್ ಬದಲಿಸದೆ ಅಷ್ಟೇ ಮಾಡಿದರೆ ಒಂದು ದಿನ ಇಂಕ್ ಮೇಜಿನ ಮೇಲೆ ಇಳಿಯುತ್ತದೆ. ಪ್ಯಾಡ್ ಬದಲಿಸಿ ಅಥವಾ ತೊಳೆದು ಒಣಗಿಸಿ ಹಾಕಿದ್ದನ್ನು ಕಣ್ಣಾರೆ ನೋಡಿಯೇ ರೊಕ್ಕ ಕೊಡಿ.

ಕ್ಲೀನಿಂಗ್ ಸತತ ಎರಡು ಮೂರು ಸಲಕ್ಕಿಂತ ಹೆಚ್ಚು ಬೇಡ. ಸರಿಹೋಗದಿದ್ದರೆ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿ. ಒಣಗಿದ್ದು ತಾನೇ ನೆನೆದು ಬಿಡುವುದೂ ಉಂಟು, ಪೈಪಿನ ಗುಳ್ಳೆ ಮೇಲೇರುವುದೂ ಉಂಟು.

ಬೆಳಗಾವಿ ಮಳೆಗಾಲದಲ್ಲಿ ಅಕ್ಷರ ಹರಡಿದಂತೆ ಬರುತ್ತದೆ. ಇಂಕ್ ಬದಲಿಸಲೇ?

ಮೊದಲು ಕಾಗದ ಬದಲಿಸಿ. ಜೂನ್‌ನಿಂದ ಹಿಡಿಯುವ ಮಳೆಯಲ್ಲಿ ತೆರೆದಿಟ್ಟ ರೀಮು ತೇವ ಹೀರಿ ಮೆತ್ತಗಾಗುತ್ತದೆ. ಇಂಕ್ ಹರಡುತ್ತದೆ, ಎರಡೆರಡು ಹಾಳೆ ಒಟ್ಟಿಗೆ ಎಳೆದುಕೊಂಡು ಸಿಕ್ಕಿಬೀಳುತ್ತದೆ. ಟ್ರೇಯಲ್ಲಿ ಬೇಕಾದಷ್ಟೇ ಇಡಿ, ಉಳಿದದ್ದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹೊಸ ರೀಮಿನಲ್ಲೂ ಹಾಗೇ ಬಂದರೆ ಆಗ ಇಂಕ್ ಅನುಮಾನಿಸಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ನಿನ್ನೆ ಮಟ ನಡೀತಿತ್ತು. ಅಪ್‌ಡೇಟ್ ಆದ ಮ್ಯಾಲ ಕಾರ್ಟ್ರಿಜ್ ನಡಿಯಂಗಿಲ್ಲ ಅಂತೈತಿ.

ಕೆಲವು ಪ್ರಿಂಟರುಗಳ ಫರ್ಮ್‌ವೇರ್, ಅಂದರೆ ಯಂತ್ರದೊಳಗಿನ ಸಾಫ್ಟ್‌ವೇರ್, ಕಾರ್ಟ್ರಿಜ್‌ನ ಚಿಪ್ ತನ್ನ ಕಂಪನಿಯದಲ್ಲ ಅಂತ ಕಂಡರೆ ತಡೆಯುತ್ತದೆ. ಎಚ್‌ಪಿ ಇದಕ್ಕೆ ಡೈನಾಮಿಕ್ ಸೆಕ್ಯೂರಿಟಿ ಅನ್ನುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಹೊರದೇಶಗಳ ಹಲವು ಆಫೀಸ್‌ಜೆಟ್ ಪ್ರಿಂಟರುಗಳು ಒಮ್ಮೆಲೇ ಹೊರಗಿನ ಕಾರ್ಟ್ರಿಜ್ ಬೇಡ ಅಂದಾಗ ದೊಡ್ಡ ಗಲಾಟೆಯಾಯಿತು. ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲ ಅಂತ ಇಟಲಿಯ ಸ್ಪರ್ಧಾ ಪ್ರಾಧಿಕಾರ 2020ರಲ್ಲಿ ಎಚ್‌ಪಿಗೆ ಒಂದು ಕೋಟಿ ಯೂರೊ ದಂಡ ಹಾಕಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ತಡೆಯುವುದು ಹೊಸದಾಗಿ ಮಾಡಿದ ಚಿಪ್ಪನ್ನು. ಕಂಪನಿಯದೇ ಚಿಪ್, ಕಂಪನಿಯದೇ ಸರ್ಕ್ಯೂಟ್ ಇರುವ ಹಳೆಯ ಕಾರ್ಟ್ರಿಜ್ ತುಂಬಿಸಿದ್ದಾದರೆ ನಡೆಯುತ್ತದೆ ಅಂತ ಕಂಪನಿಯೇ ಹೇಳುತ್ತದೆ. ನಿಮ್ಮ ಸ್ವಂತ ಒರಿಜಿನಲ್ ಕಾರ್ಟ್ರಿಜ್ ರೀಫಿಲ್ ಮಾಡಿಸುವುದು ಈ ಕಾರಣಕ್ಕೂ ವಾಸಿ.

ಸೆಟ್ಟಿಂಗ್‌ನಲ್ಲಿ ಆಟೋ ಅಪ್‌ಡೇಟ್ ಬಂದ್ ಮಾಡಬಹುದು. ಭದ್ರತೆಯ ದುರಸ್ತಿಗಳೂ ಅದರ ಜೊತೆ ನಿಲ್ಲುತ್ತವೆ, ಅದು ಗೊತ್ತಿರಲಿ. ವೈಫೈ ಹಚ್ಚದೆ ಯುಎಸ್‌ಬಿ ವೈರಿನಲ್ಲೇ ನಡೆಸುವವರಿಗೆ ಆ ಚಿಂತೆ ಅಷ್ಟಿಲ್ಲ. ಇದೇ ಸೆಟ್ಟಿಂಗ್‌ಗಳಲ್ಲಿ 'ಕಾರ್ಟ್ರಿಜ್ ಪ್ರೊಟೆಕ್ಷನ್' ಅಂತ ಇನ್ನೊಂದು ಇರುತ್ತದೆ. ಆನ್ ಇದ್ದರೆ ಒಮ್ಮೆ ಹಾಕಿದ ಕಾರ್ಟ್ರಿಜ್ ಶಾಶ್ವತವಾಗಿ ಆ ಪ್ರಿಂಟರಿಗೇ ಕಟ್ಟುಬೀಳುತ್ತದೆ, ಬೇರೆಡೆ ನಡೆಯುವುದಿಲ್ಲ. ಅದನ್ನು ಆಫ್ ಇಡಿ.

ಹೊರಗಿನ ಕಾರ್ಟ್ರಿಜ್ ಮಾರೋದು, ತುಂಬೋದು ಕಾನೂನಿಗೆ ವಿರುದ್ಧ ಅಲ್ಲೇನ್ರಿ?

ನೀವು ಕೊಂಡ ಕಾರ್ಟ್ರಿಜ್‌ಗೆ ನೀವು ಇಂಕ್ ತುಂಬಿಸುವುದು ತಪ್ಪಲ್ಲ. ಸ್ವಂತ ಹೆಸರಿನಲ್ಲಿ ಕಂಪ್ಯಾಟಿಬಲ್ ಅಂತ ಮಾರುವುದೂ ನಡೆದುಕೊಂಡು ಬಂದ ವ್ಯಾಪಾರ. ಬೇರೆಯವರ ಹೆಸರು, ಗುರುತು ಹಾಕಿ ಮಾರಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಅಪರಾಧ. ಅಮೆರಿಕದಲ್ಲಿ ಖಾಲಿ ಡಬ್ಬಿ ಮತ್ತೆ ತುಂಬಿ ಮಾರುವ ವಿಷಯ ಲೆಕ್ಸ್‌ಮಾರ್ಕ್ ಕಂಪನಿಯ ಟೋನರ್ ನೆಪದಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಒಮ್ಮೆ ಮಾರಿದ ಮೇಲೆ ಆ ವಸ್ತುವಿನ ಮೇಲೆ ಪೇಟೆಂಟ್ ಹಕ್ಕು ಉಳಿಯುವುದಿಲ್ಲ ಅಂತ 2017ರಲ್ಲಿ ತೀರ್ಪು ಬಂತು. ಆ ತೀರ್ಪು ಅವರ ದೇಶದ್ದು, ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ.

ಖಾಲಿ ಆದುವನ್ನ ಕಸದ ಗಾಡಿಗೆ ಹಾಕಬಹುದಾ?

ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರ್ ಜೊತೆ ಕಾರ್ಟ್ರಿಜ್ ಕೂಡ ಇದೆ. ಹೆಡ್ ಚೆನ್ನಾಗಿರುವ ಖಾಲಿ ಕಾರ್ಟ್ರಿಜ್‌ಗೆ ರೀಫಿಲ್ ಅಂಗಡಿಯವರೇ ಹತ್ತಿಪ್ಪತ್ತು ರೂಪಾಯಿ ಕೊಡುವುದುಂಟು. ಕೆಟ್ಟದ್ದನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಪಾಸ್‌ಪೋರ್ಟ್ ಫೋಟೊ ತೆಗೆದ್ರ ಮುಖ ಹಸರ ಕಾಣ್ತೈತಿ. ಸೆಟ್ಟಿಂಗ್‌ನ್ಯಾಗ ಸರಿ ಆಗತೈತಾ?

ಸ್ವಲ್ಪ ಮಟ್ಟಿಗೆ ಆಗುತ್ತದೆ. ಯಾವ ಬಣ್ಣಕ್ಕೆ ಎಷ್ಟು ಹನಿ ಅನ್ನುವ ಪಟ್ಟಿ ಪ್ರಿಂಟರ್ ಡ್ರೈವರಿನಲ್ಲಿ (ಪ್ರಿಂಟರ್ ನಡೆಸುವ ಕಂಪ್ಯೂಟರಿನ ಸಾಫ್ಟ್‌ವೇರ್) ಇರುತ್ತದೆ, ಅದನ್ನು ಕಂಪನಿ ತನ್ನ ಇಂಕ್, ತನ್ನ ಕಾಗದ ಇಟ್ಟುಕೊಂಡು ಮಾಡಿದೆ. ಹೊರಗಿನ ಕೆಂಪು ಸ್ವಲ್ಪ ತೆಳು ಇದ್ದರೂ ಚರ್ಮದ ಬಣ್ಣ ಹಸಿರಿಗೆ ಜಾರುತ್ತದೆ. ಮೊದಲು ನಾಝಲ್ ಚೆಕ್ ಪುಟ (ಹೆಡ್ ತೂತುಗಳ ಪರೀಕ್ಷೆಯ ಪುಟ) ತೆಗೆದು ಕೆಂಪಿನ ಗೆರೆಗಳು ಪೂರಾ ಇವೆಯೇ ನೋಡಿ, ಎಷ್ಟೋ ಸಲ ದೋಷ ಅಲ್ಲೇ ಇರುತ್ತದೆ. ಗೆರೆಗಳು ಸರಿಯಿದ್ದರೆ ಪ್ರಿಂಟ್ ಮಾಡುವಾಗ ಕಾಗದದ ಜಾಗದಲ್ಲಿ ಸರಿಯಾದ ಫೋಟೊ ಪೇಪರ್ ಆರಿಸಿದ್ದೀರಾ ನೋಡಿ. ಆಮೇಲೆ ಕಲರ್ ಅಡ್ಜಸ್ಟ್‌ಮೆಂಟ್‌ನಲ್ಲಿ ಮೆಜೆಂಟಾ (ಇಂಕ್‌ನ ಕೆಂಪು) ಎರಡು ಮೂರು ಹಂತ ಏರಿಸಿ. ಒಂದೇ ಹಾಳೆಯಲ್ಲಿ ಒಂದೇ ಮುಖವನ್ನು ನಾಲ್ಕು ಹಂತದಲ್ಲಿ ತೆಗೆದು, ಹಗಲು ಬೆಳಕಿನಲ್ಲಿ ಕಿಟಕಿ ಹತ್ತಿರ ಹಿಡಿದು ಹೋಲಿಸಿ. ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಮತ್ತೆ ಮೋಸ ಹೋಗುತ್ತೀರಿ. ಸರಿ ಕಂಡ ಹಂತವನ್ನು ಡ್ರೈವರಿನಲ್ಲೇ ಹೆಸರು ಕೊಟ್ಟು ಉಳಿಸಿಡಿ. ಇಂಕ್ ಬ್ರ್ಯಾಂಡ್ ಬದಲಾದ ದಿನ ಈ ಕೆಲಸ ಮತ್ತೆ ಮೊದಲಿನಿಂದ.